ತಮ್ಮ ನಿಲ್ಲುತ್ತಿದ್ದ ಜಾಗ

ಆಟಿಸಂ ಇರುವ ವಯಸ್ಕರಿಗೆ ಕೆಲಸ ಹುಡುಕಿಕೊಡುತ್ತಿದ್ದ ಆಕೆಯನ್ನು ಎಲ್ಲರೂ ಕೆಲಸದಕ್ಕ ಎಂದೇ ಕರೆಯುತ್ತಿದ್ದರು. ಅಂಗಡಿ, ಗೋದಾಮುಗಳ ಮೆಟ್ಟಿಲು ಸವೆಸಿ ಮಾಲೀಕರನ್ನು ಒಪ್ಪಿಸುವಳು. "ನನ್ನಿಂದ ಉದ್ಧಾರ ಆಗಿದ್ದು ಚಪ್ಪಲಿ ಅಂಗಡಿಯವನೊಬ್ಬನೇ" ಎಂದು ನಗುವಳು. ಕೆಲಸಕ್ಕೆ ಸೇರಿದವರ ಪಕ್ಕದಲ್ಲೇ ತಿಂಗಳುಗಟ್ಟಲೆ ನಿಂತು ಕಲಿಸಿ, ಕೈ ಕುದುರಿದ ಮೇಲೆ ಸದ್ದಿಲ್ಲದೆ ಹಿಂದೆ ಸರಿಯುವಳು. ಇದನ್ನೆಲ್ಲ ಆಕೆ ಕಲಿತದ್ದು ಒಡಹುಟ್ಟಿದ ತಮ್ಮನಿಗಾಗಿ.

ತಮ್ಮನಿಗೆ ಮೂವತ್ತು ದಾಟಿತ್ತು. ಮಾತು ಕಡಿಮೆ, ಗದ್ದಲವೆಂದರೆ ಕಿವಿ ಮುಚ್ಚಿಕೊಳ್ಳುವನು. ಕೊನೆಗೂ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹೊದಿಕೆ ಮಡಿಸುವ ಕೆಲಸ ಸಿಕ್ಕಿತು. "ಹಿಂದಿಂದ ಬಂದು ಮುಟ್ಬೇಡಿ, ಏನಿದ್ರೂ ಎದುರಿಗೆ ಬಂದು ಮೆಲ್ಲಗೆ ಹೇಳಿ" ಎಂದು ಅಕ್ಕ ಅಲ್ಲಿದ್ದವರಿಗೆಲ್ಲ ಬಿಡಿಸಿ ಹೇಳಿದಳು. ಇಸ್ತ್ರಿ ಯಂತ್ರ ನೋಡಿಕೊಳ್ಳುತ್ತಿದ್ದ ಮುದುಕಿಯಂತೂ ಅವನನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗನಂತೆ ಕಂಡಳು. ವರ್ಷ ತುಂಬುವುದರೊಳಗೆ ಅವನು ಒಬ್ಬನೇ ಬಸ್ಸಿನಲ್ಲಿ ಹೋಗಿಬರತೊಡಗಿದ. "ಇವತ್ತು ತುಂಬಾ ಕೆಲ್ಸ ಮಾಡ್ದೆ" ಎನ್ನುವಾಗ ಅವನ ಮುಖ ನೋಡಬೇಕಿತ್ತು. ಅಕ್ಕ ಲಾಂಡ್ರಿಗೆ ಹೋಗುವುದನ್ನು ನಿಲ್ಲಿಸಿದಳು.

ಅನಾಹುತವಾದದ್ದು ಪ್ರೀತಿಯಿಂದಲೇ. ಅವನ ಹುಟ್ಟುಹಬ್ಬದ ದಿನ ಜೊತೆಯವರೆಲ್ಲ ದೀಪ ಆರಿಸಿ ಅಡಗಿ ನಿಂತರು. ಅವನು ಒಳಗೆ ಕಾಲಿಡುತ್ತಲೇ ಒಟ್ಟಿಗೆ ಕೂಗಿ ಚಪ್ಪಾಳೆ ತಟ್ಟಿದರು. ಮುದುಕಿ ಹಿಂದಿನಿಂದ ಅಪ್ಪಿಕೊಂಡಳು. ಅವನು ಕಿರುಚಿ ಕೊಸರಿದ. ಮುದುಕಿ ಆಯತಪ್ಪಿ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಕೈಗೆ ಕಟ್ಟು ಹಾಕಿಸಿಕೊಂಡ ಮುದುಕಿಯೇ ಸೂಪರ್‌ವೈಸರ್ ಎದುರು ಗೋಗರೆದಳು. "ತಪ್ಪು ನಂದು ಸಾರ್. ಆಯಮ್ಮ ಅಷ್ಟು ಹೇಳಿದ್ರೂ ಮರ್ತೆ. ಅವನ ಹೊಟ್ಟೆ ಮೇಲೆ ಹೊಡೀಬೇಡಿ."

"ನಾಳೆ ಇನ್ನೊಬ್ರಿಗೆ ಹೀಗಾದ್ರೆ ಯಾರಮ್ಮ ಜವಾಬ್ದಾರಿ?" ಎಂದ ಆತ. ಅಲ್ಲಿಗೆ ಮುಗಿಯಿತು.

ಅಕ್ಕ ಬೇರೆ ಕಡೆ ಕೇಳಿದಳು. "ಹೊಡೆದನಂತಲ್ಲ" ಎನ್ನುವ ಸುದ್ದಿ ಅವಳಿಗಿಂತ ಮೊದಲೇ ಎಲ್ಲ ಬಾಗಿಲು ತಲುಪಿತ್ತು. ತಮ್ಮ ಗೋಡೆಗೆ ಮುಖ ಮಾಡಿ ಮಲಗತೊಡಗಿದ.

"ನಾನು ಕೆಟ್ಟವನಾ ಅಕ್ಕ?"

"ಅಲ್ಲ ಕಣೋ, ಚಿನ್ನ."

"ಮತ್ಯಾಕೆ ಬರ್ಬೇಡ ಅಂದ್ರು?"

ಕೆಲವು ತಿಂಗಳಾದ ಮೇಲೆ ಸೂಪರ್‌ವೈಸರೇ ಫೋನ್ ಮಾಡಿದ. "ಅವನಷ್ಟು ಅಚ್ಚುಕಟ್ಟಾಗಿ ಯಾರೂ ಮಡಿಸ್ತಿಲ್ಲ ಕಣಮ್ಮ. ಅವನಂಥವ್ರು ಇನ್ಯಾರಾದ್ರೂ ಇದ್ರೆ ಕಳ್ಸಿ. ಅವನು ಮಾತ್ರ ಬೇಡ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ತಮ್ಮನಂತೆಯೇ ಆಟಿಸಂ ಇದ್ದು, ಓದು ಮುಗಿಸಿ ಮನೆಯಲ್ಲೇ ಕೂತಿದ್ದ ತರುಣಿಯೊಬ್ಬಳು ಅವಳನ್ನೇ ನಂಬಿದ್ದಳು. ಆ ಹುಡುಗಿಯ ತಾಯಿಗೆ ಏನೆಂದು ಹೇಳುವುದು? ಅಕ್ಕ ಹಲ್ಲು ಕಚ್ಚಿಕೊಂಡು ಹುಡುಗಿಯನ್ನು ಕರೆದೊಯ್ದಳು. ತಮ್ಮ ನಿಲ್ಲುತ್ತಿದ್ದ ಮೇಜಿನ ಬಳಿ ಅವಳನ್ನು ನಿಲ್ಲಿಸಿ ದಿನವಿಡೀ ಕಲಿಸಿದಳು.

ಸಂಜೆ ಮನೆಗೆ ಬಂದಾಗ ತಮ್ಮ ಎದ್ದು ಬಂದು ಅವಳ ತೋಳಿಗೆ ಮೂಗು ತಾಕಿಸಿದ. ಲಾಂಡ್ರಿಯ ಸೋಪಿನ ವಾಸನೆ. ಎಷ್ಟೋ ದಿನಗಳ ಮೇಲೆ ಅವನ ಮುಖ ಅರಳಿತು.

"ಕರೆದ್ರಾ ಅಕ್ಕ? ನಾಳೆ ಹೋಗ್ಬೇಕಾ?"

ಕೆಲಸದಕ್ಕ ಚೀಲ ಕೆಳಗಿಟ್ಟು ಅವನತ್ತ ತಿರುಗಿದಳು. ಅವನು ಆಗಲೇ ಬೂಟು ಹುಡುಕಲು ಮಂಚದ ಕೆಳಗೆ ಬಗ್ಗಿದ್ದ.