ಪೆಟ್ಟಿಗೆಯೊಳಗಿನ ಹಲ್ಲಿ

ಕಂಪ್ಯೂಟರ್ ಕೆಟ್ಟಿದೆ ಎಂದು ಕರೆದ ಮನೆಗೆ ಹೋದರೆ ಅವನು ಮೊದಲು ಯಂತ್ರವನ್ನೇ ಮುಟ್ಟುತ್ತಿರಲಿಲ್ಲ. ಮೇಜಿನಡಿ ಮಂಡಿಯೂರಿ ಗೋಡೆಯ ಪ್ಲಗ್ಗನ್ನು ಅಲುಗಿಸಿ ನೋಡುತ್ತಿದ್ದ. ತಂತಿಯನ್ನು ಇಲಿ ಕಡಿದಿದೆಯೇ, ಪೊರಕೆ ತಗುಲಿ ಏನಾದರೂ ಕಳಚಿದೆಯೇ? ಅರ್ಧ ರೋಗ ಅಲ್ಲೇ ಸಿಗುತ್ತಿತ್ತು. ಉಳಿದರ್ಧದಲ್ಲಿ ಹೆಚ್ಚಿನದು ಧೂಳು. ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹೊಂಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಸತ್ತಂತಿದ್ದ ಯಂತ್ರ ಎದ್ದು ಕೂರುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಳಗಿನ ಡಿಸ್ಕಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಡಿಸ್ಕು ಸಾಯುವ ಮುಂಚೆ ಸಣ್ಣಗೆ ಸದ್ದು ಮಾಡುತ್ತದೆ. ಅದನ್ನು ಅವನಷ್ಟು ಬೇಗ ಹಿಡಿಯುವವರು ಆ ಬೀದಿಗಳಲ್ಲಿ ಇರಲಿಲ್ಲ. ಅವನಿಗೆ ಸ್ಟೆತಾಸ್ಕೋಪ್ ಎಂಬ ಅಡ್ಡಹೆಸರು ಬಿದ್ದದ್ದು ಹಾಗೆ.

ಇತ್ತೀಚೆಗೆ ಅವನ ಸ್ವಂತ ಮನೆಯ ಕರೆಗಂಟೆ ಕೆಟ್ಟಿತ್ತು. ಕೆಟ್ಟಿದೆ ಎಂದು ಅವನ ವಾದ. ಬ್ಯಾಟರಿ ಬದಲಿಸಿದ, ಬಿಚ್ಚಿ ತಂತಿ ಬೆಸೆದ, ಕೊನೆಗೆ ಹೊಸದನ್ನೇ ತಂದು ಹಾಕಿದ. ಹೆಂಡತಿ ಹೊಸ್ತಿಲ ಆಚೆ ನಿಂತು ಗುಂಡಿ ಒತ್ತಿ ಒಳಗೆ ಬಂದಳು.

"ಹೊಡೀತಿದೆಯಲ್ಲ, ಇನ್ನೇನು ಬೇಕು?"

"ಎಲ್ಲಿ ಹೊಡೀತು? ಈಗಿನ ಮಾಲೇ ಇಷ್ಟು."

"ಮಾಲು ಚೆನ್ನಾಗೇ ಇದೆ. ಗಂಟೇನ ಬಿಟ್ಟು ಕಿವೀನ ತೋರಿಸ್ಕೊಂಡು ಬನ್ನಿ."

"ದಿನಾ ನಿನ್ನ ಮಾತೆಲ್ಲ ಕೇಳಿಸುತ್ತಲ್ಲ, ಅಷ್ಟು ಸಾಕು," ಎಂದು ಅವನು ಮಾತು ಹಾರಿಸಿದ. ಅದು ಸುಳ್ಳೂ ಅಲ್ಲ. ಮಾತು ಕೇಳುತ್ತಿತ್ತು, ಬಸ್ಸು ಕೇಳುತ್ತಿತ್ತು. ಸಣ್ಣ, ತೆಳ್ಳನೆಯ ಸದ್ದುಗಳು ಮಾತ್ರ ಹೇಳದೆ ಕೇಳದೆ ಒಂದೊಂದಾಗಿ ಮನೆ ಬಿಟ್ಟು ಹೋಗಿದ್ದವು. ಹೋದದ್ದು ಗೊತ್ತಾಗುವುದಕ್ಕೂ ಕಿವಿಯೇ ಬೇಕಲ್ಲ.

ಆ ದಿನಗಳಲ್ಲೇ ಕಸೂತಿಯವಳ ಮನೆಯಿಂದ ಕರೆ ಬಂತು. ಅವಳು ಬಟ್ಟೆಗೆ ಸೂಜಿ ಹಾಕುವವಳಲ್ಲ. ಕಸೂತಿ ಯಂತ್ರಗಳಿಗೆ ಬೇಕಾದ ಬಳ್ಳಿ, ಹೂವು, ಅಂಚುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಕೊಡುವವಳು. ಪೇಟೆಯ ಹೊಲಿಗೆ ಅಂಗಡಿಗಳು ನಡೆಯುತ್ತಿದ್ದದ್ದೇ ಅವಳ ಡಿಸೈನುಗಳ ಮೇಲೆ. ಯಂತ್ರ ಆಮೆಯಾಗಿದೆ ಎಂದು ಅವಳ ದೂರು. ಅವನು ಧೂಳು ತೆಗೆದ, ಫ್ಯಾನಿಗೆ ಎಣ್ಣೆ ಬಿಟ್ಟ, ಬೇಡದ ಕಡತಗಳನ್ನು ಅಳಿಸಿದ. ಗೋಡೆಯ ಪಕ್ಕದ ಮಂಚದ ಮೇಲೆ ಕೂತಿದ್ದ ಅವಳ ಅತ್ತೆ ತಾನಾಗಿಯೇ ಬಾಯಿ ಹಾಕಿದಳು.

"ಅದರೊಳಗೆ ಹಲ್ಲಿ ಲೊಚಗುಟ್ಟುತ್ತಪ್ಪ."

ಅವನು ಸ್ಕ್ರೂಡ್ರೈವರ್ ಊರಿ ಕೇಳಿದ. ಫ್ಯಾನಿನ ಮೊರೆತ ಬಿಟ್ಟರೆ ಏನೂ ಇಲ್ಲ.

"ಹಲ್ಲಿ ಗೋಡೆ ಮೇಲಿರಬೇಕು ಅಜ್ಜಿ. ವಯಸ್ಸಾದ ಮೇಲೆ ಕಿವಿ ಹಾಗೇ, ಇಲ್ಲದ್ದೂ ಕೇಳಿಸುತ್ತೆ."

ಸೊಸೆ ನಕ್ಕಳು. ಅತ್ತೆ ನಗಲಿಲ್ಲ. "ನನಗೆ ಕಣ್ಣು ಮಂಜಪ್ಪ, ಕಿವಿ ಅಲ್ಲ," ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

"ಡಿಸೈನೆಲ್ಲ ಬೇರೆ ಕಡೆ ಕಾಪಿ ಮಾಡಿಡಬೇಕಾ ಅಣ್ಣ?" ಎಂದು ಸೊಸೆ ಕೇಳಿದಾಗ ಅವನು ಚೀಲ ಹೆಗಲಿಗೇರಿಸಿಕೊಂಡಾಗಿತ್ತು.

"ನಿಧಾನಕ್ಕೆ ಮಾಡ್ಕೊಳ್ಳಿ. ಈ ಡಿಸ್ಕು ನನಗಿಂತ ಗಟ್ಟಿ."

ಅದೇ ವಾರ ಯಂತ್ರ ಮಲಗಿತು. ಅವನು ಹೋದಾಗ ಮನೆಯಲ್ಲಿ ಮಾತಿನ ಕಾವು ಇನ್ನೂ ಆರಿರಲಿಲ್ಲ. ಸೊಸೆಯ ಕಣ್ಣು ಕೆಂಪಗಿತ್ತು. ಅತ್ತೆ ಮಂಚದ ತುದಿಯಲ್ಲಿ, ಯಾರದೋ ಮನೆಗೆ ಬಂದವಳಂತೆ ಮುದುಡಿ ಕೂತಿದ್ದಳು.

ಅವನು ಡಿಸ್ಕನ್ನು ಬಿಚ್ಚಿ, ವೈರು ಮಾತ್ರ ಕಳಚದೆ ಅಂಗೈ ಮೇಲಿಟ್ಟುಕೊಂಡು ಸ್ವಿಚ್ಚು ಹಾಕಿಸಿದ. ಅಭ್ಯಾಸದಂತೆ ಕಿವಿಯ ಹತ್ತಿರ ತಂದ. ಮೌನ. ಆದರೆ ಅಂಗೈಯೊಳಗೆ ಏನೋ ತಿವಿಯುತ್ತಿತ್ತು. ಒಂದು ತಿವಿತ, ಬಿಡುವು, ಮತ್ತೊಂದು ತಿವಿತ. ಒಳಗಿನ ಓದುವ ಮುಳ್ಳು ದಾರಿ ಸಿಗದೆ ಹಿಂದೆ ಮುಂದೆ ಬಡಿದುಕೊಳ್ಳುವ ರೀತಿ. ಇಂಥ ಡಿಸ್ಕು ಎಷ್ಟು ಸದ್ದು ಮಾಡುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಅದನ್ನು ಇನ್ನೊಂದು ಕಿವಿಗೆ ಹಿಡಿದ. ಅಲ್ಲೂ ಅಷ್ಟೇ.

"ಲೊಚಗುಟ್ಟೋದು ಈಗ ಜೋರಾಗಿದೆ," ಎಂದಳು ಅತ್ತೆ, ಯಾರಿಗೂ ಅಲ್ಲ ಎಂಬಂತೆ.

"ನೀವು ಸುಮ್ಮನಿರಿ ಅತ್ತೆ. ಗುಡಿಸ್ತೀನಿ ಅಂತ ಹೋಗಿ ಪೆಟ್ಟಿಗೇನ ಬೀಳಿಸಿದ್ದು ಯಾರು?" ಸೊಸೆ ಅವನ ಕಡೆ ತಿರುಗಿದಳು. "ನೀವು ಬಂದು ಹೋದಾಗ ಚೆನ್ನಾಗಿತ್ತು ತಾನೇ ಅಣ್ಣ? ಆಮೇಲೆ ಇವರು ಬೀಳಿಸಿದ್ರು. ಅದಕ್ಕೇ ಅಲ್ವಾ ಹೀಗಾಗಿದ್ದು?"

"ಬೀಳಿಸಲಿಲ್ಲಮ್ಮ, ಪೊರಕೆ ತಾಗಿತು ಅಷ್ಟೇ," ಎಂದಳು ಅತ್ತೆ. ಆ ಮಾತನ್ನು ಬೆಳಗಿನಿಂದ ಹೇಳಿ ಹೇಳಿ ಅವಳ ದನಿ ಸವೆದಿತ್ತು.

ಹೌದು ಎಂಬ ಎರಡಕ್ಷರ ಸಾಕಿತ್ತು. ಯಾರೂ ಮತ್ತೆ ಪ್ರಶ್ನೆ ಕೇಳುತ್ತಿರಲಿಲ್ಲ. ಪೇಟೆಯ ಅಂಗಡಿಗಳಲ್ಲಿ ಅವನ ಹೆಸರು ಹಾಗೇ ಉಳಿಯುತ್ತಿತ್ತು. ಮುದುಕಿಯ ಮೇಲೆ ಇನ್ನೊಂದು ತಪ್ಪು ಬಿದ್ದರೆ ಆ ಮನೆಯಲ್ಲಿ ಅದೇನೂ ಹೊಸದಾಗಿರಲಿಲ್ಲ. ಬಾಯಿ ಬಿಟ್ಟರೆ ಮಾತ್ರ ಅವನ ಅನ್ನಕ್ಕೆ ಅವನೇ ಕಲ್ಲು ಹಾಕಿಕೊಂಡಂತೆ. ಕಿವಿ ಇಲ್ಲದ ಸ್ಟೆತಾಸ್ಕೋಪನ್ನು ಯಾರು ಮನೆಗೆ ಕರೆಯುತ್ತಾರೆ?

ಅವನು ಡಿಸ್ಕನ್ನು ಮೇಜಿನ ಮೇಲಿಟ್ಟ.

"ಬಿದ್ದಿದ್ದಕ್ಕಲ್ಲ. ಅವತ್ತೇ ಕೆಟ್ಟಿತ್ತು. ಅಜ್ಜಿ ಹೇಳಿದ್ದು ಸರಿ."

"ನೀವು ಕಿವಿಗೊಟ್ಟು ನೋಡಿದ್ರಲ್ಲ?"

"ನೋಡಿದೆ. ನನಗೆ ಕೇಳಿಸಲಿಲ್ಲ. ಈಗಲೂ ಕೇಳಿಸ್ತಿಲ್ಲ, ಕೈಗೆ ಗೊತ್ತಾಗ್ತಿದೆ."

ಸೊಸೆ ಬೈಯುತ್ತಾಳೆಂದು ಅವನು ಕಾದ. ಅವಳು ಕುರ್ಚಿಯಲ್ಲಿ ಕುಸಿದು, ಕಪ್ಪಗಿದ್ದ ಪರದೆಯನ್ನೇ ನೋಡುತ್ತಿದ್ದಳು. ಆ ಪೆಟ್ಟಿಗೆಯಲ್ಲಿದ್ದ ಬಳ್ಳಿ, ಹೂವುಗಳ ಪ್ರತಿ ಬೇರೆಲ್ಲೂ ಇರಲಿಲ್ಲ. ಡಿಸ್ಕು ಬಿಚ್ಚಿ ಒಳಗಿದ್ದದ್ದನ್ನು ಹೊರತೆಗೆಯುವವರು ದೊಡ್ಡ ಊರಿನಲ್ಲಿದ್ದಾರೆ, ಪೂರ್ತಿ ಸಿಗುತ್ತದೆ ಎಂದು ಹೇಳಲಾರೆ ಎಂದ. ಅವಳು ತಲೆಯಾಡಿಸಿದಳು. ಅತ್ತೆಯ ಕಡೆ ನೋಡಲಿಲ್ಲ. ಬೆಳಗಿನಿಂದ ಬೈದವಳಿಂದ ಆಗ ಅದು ಆಗುವಂತಿರಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಅಣ್ಣ, ನಮ್ಮದು ಬಿಡಿ. ಇನ್ನೂ ಎಷ್ಟು ಮನೇಲಿ ಚೆನ್ನಾಗಿದೆ ಅಂದಿದ್ದೀರಿ?"

ಮೂಲೆಯಲ್ಲಿ ಅತ್ತೆ ಎದ್ದು, ಗೋಡೆ ಸವರಿಕೊಂಡು ಹೋಗಿ ಒಂದು ಲೋಟ ನೀರು ತಂದಳು. ಅವನಿಗಲ್ಲ, ಸೊಸೆಗೆ.

ಬೀದಿಗೆ ಇಳಿದಾಗ ಅವನು ಮನೆ ಕಡೆಯ ತಿರುವು ಹಿಡಿಯಲಿಲ್ಲ. ಹೋಗಿ ಬಂದ ಮನೆಗಳು ಒಂದೊಂದಾಗಿ ನೆನಪಾಗುತ್ತಿದ್ದವು. ಮಗಳ ಪ್ರಬಂಧ ತುಂಬಿಟ್ಟಿದ್ದ ನರ್ಸಮ್ಮ, ಇಡೀ ಬೀದಿಯ ಮದುವೆ ಫೋಟೋ ಇಟ್ಟುಕೊಂಡಿದ್ದ ಸ್ಟುಡಿಯೋದವನು. ಎಲ್ಲರ ಡಿಸ್ಕಿಗೂ ಕಿವಿಯಿಟ್ಟು ಏನೂ ತೊಂದರೆ ಇಲ್ಲ ಎಂದು ಬಂದವನು ಅವನೇ. ಹತ್ತಿರದ್ದು ನರ್ಸಮ್ಮನ ಮನೆ. ಗುಂಡಿ ಒತ್ತಿದ. ಒಳಗೆ ಗಂಟೆ ಹೊಡೆಯಿತೋ ಇಲ್ಲವೋ ತಿಳಿಯಲಿಲ್ಲ. ಬಾಗಿಲು ತೆರೆಯಿತು.

"ಏನು ಸ್ಟೆತಾಸ್ಕೋಪಣ್ಣ, ಕರೆಯದೇ ಬರೋ ಡಾಕ್ಟರಾ?"

"ಕಂಪ್ಯೂಟರಲ್ಲಿ ಇರೋದನ್ನೆಲ್ಲ ಇವತ್ತೇ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ ತಾಯಿ."

"ನೀವೇ ತಾನೇ ಕೇಳಿ ನೋಡಿ ಚೆನ್ನಾಗಿದೆ ಅಂದಿದ್ದು?"

ಅವನು ಚಪ್ಪಲಿ ಬಿಡಲಿಲ್ಲ. ಒಳಗೂ ಹೋಗಲಿಲ್ಲ. ಬಾಗಿಲಲ್ಲೇ ನಿಂತು, ಮೊದಲಿನಿಂದ ಹೇಳತೊಡಗಿದ.