ಡಲ್ಸಿ ಹ್ಯಾಡ್ರಿಕ್‌ಳ ಅಂಗೈ

ಡಲ್ಸಿ ಹ್ಯಾಡ್ರಿಕ್ ಯಾರ ಗಾಡಿಯನ್ನೂ ಬರೀ ಮಾತಿನ ಮೇಲೆ ನಂಬಿದವಳಲ್ಲ. ನಾನು ಅಡುಗೆ ಮಾಡುವ ರೋಡ್‌ಹೌಸಿನ ಮುಂದೆ ಹೊಸ ಗಾಡಿಯೊಂದು ಬಂದು ನಿಂತರೆ ಸಾಕು, ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾಳೆ. ಮುಂಗಾಜಿನ ಪಕ್ಕದಿಂದ ಛಾವಣಿಯವರೆಗೆ ಎದ್ದಿರುವ ಕಪ್ಪು ಕೊಳವೆಯನ್ನು, ಎಂಜಿನ್ ನೀರಲ್ಲಿದ್ದಾಗ ಉಸಿರಾಡುವ ಸ್ನಾರ್ಕೆಲನ್ನು, ಕೆಳಗಿಂದ ಮೇಲಕ್ಕೆ ನಿಧಾನವಾಗಿ ನೋಡುತ್ತಾಳೆ.

"ಎಂಜಿನ್ ಶುರು ಮಾಡು ಮಾರಾಯ."

ಯಾತಕ್ಕೆ ಎಂದು ಕೇಳುವವರು ಹೊರಗಿನವರು. ನಮ್ಮವರು ಸುಮ್ಮನೆ ಕೀಲಿ ತಿರುಗಿಸುತ್ತಾರೆ. ಡಲ್ಸಿ ಪಕ್ಕದ ಮೆಟ್ಟಿಲು ಹತ್ತಿ, ಕೊಳವೆಯ ತಲೆಯನ್ನು ಕಳಚಿ, ಅದರ ಬಾಯಿಗೆ ಅಂಗೈ ಒತ್ತುತ್ತಾಳೆ. ಉಸಿರುಕಟ್ಟಿ ಎಂಜಿನ್ ನಿಂತರೆ ಸರಿ. ನಿಲ್ಲದಿದ್ದರೆ ಅದು ಬೇರೆಲ್ಲಿಂದಲೋ ಗಾಳಿ ಎಳೆಯುತ್ತಿದೆ ಎಂದರ್ಥ. ಗಾಳಿ ನುಸುಳುವ ಕಡೆ ನೀರೂ ನುಸುಳುತ್ತದೆ. ನೀರು ಕುಡಿದ ಎಂಜಿನ್ ಒಂದೇ ಏಟಿಗೆ ಒಳಗಿನ ಕಬ್ಬಿಣವನ್ನೆಲ್ಲ ಬಗ್ಗಿಸಿಕೊಂಡು ಹಳ್ಳದ ನಡುವೆ ನಿಂತುಬಿಡುತ್ತದೆ. ಮೆಲ್ಬರ್ನಿನಿಂದ ಬಹಳ ಉತ್ತರಕ್ಕಿರುವ ನಮ್ಮ ಗಲ್ಫ್ ಸೀಮೆಯ ಹಳ್ಳಗಳಲ್ಲಿ ಇಳಿದು ನಡೆಯುವಂತಿಲ್ಲ, ಮೊಸಳೆಗಳಿವೆ.

ಡಲ್ಸಿಗೆ ಇದು ಕೇಳಿ ತಿಳಿದ ವಿಷಯವಲ್ಲ. ಇಪ್ಪತ್ತಾರು ವರ್ಷಗಳಿಂದ ಅವಳು ಒಂಬತ್ತು ದನದ ಫಾರ್ಮುಗಳಿಗೆ ಅಂಚೆ ಒಯ್ಯುತ್ತಿದ್ದಾಳೆ. ನಾಲ್ಕನೇ ವರ್ಷ ಅವಳ ಗಂಡ ಕ್ಲೈವ್ ಹೊಸ ಸ್ನಾರ್ಕೆಲ್ ಕೂರಿಸಿ, "ಸೀಲ್ ಮಾಡಿದೀನಿ, ಹೋಗು" ಅಂದಿದ್ದ. ಅವಳು ಹೋದಳು. ಬ್ರೋಲ್ಗಾ ಹಳ್ಳದ ನಡುವೆ ಎಂಜಿನ್ ಒಮ್ಮೆ ಬಿಕ್ಕಳಿಸಿ ಸತ್ತಿತು. ಎರಡು ಹಗಲು ಗಾಡಿಯ ಛಾವಣಿಯ ಮೇಲೆ ಅಂಚೆಚೀಲವನ್ನು ತಬ್ಬಿಕೊಂಡು ಕೂತಿದ್ದಳು. ಕ್ಲೈವ್ ಸುಳ್ಳು ಹೇಳಿರಲಿಲ್ಲ. ಒಂದು ಕೀಲನ್ನು ಮರೆತಿದ್ದ, ಅಷ್ಟೇ. ಆಮೇಲೆ ಅವನ ಜೊತೆ ಹದಿನೆಂಟು ವರ್ಷ ಚೆನ್ನಾಗಿಯೇ ಬಾಳಿದಳು, ಅವನು ಸತ್ತಾಗ ತಿಂಗಳುಗಟ್ಟಲೆ ಮಾತಾಡಲಿಲ್ಲ. ಆದರೆ ಅವನು ಮಾಡಿದ ಚಹಾಕ್ಕೆ ಸಕ್ಕರೆ ಹಾಕಿದ್ದಾನೋ ಇಲ್ಲವೋ ಎಂದು ಕೊನೆಯವರೆಗೂ ಚಮಚ ಆಡಿಸಿ ನೋಡುತ್ತಿದ್ದಳು.

ಈಗ ಅವಳ ಎಡಗಣ್ಣಿಗೆ ಪೊರೆ ಬಂದಿದೆ. ಮುಂದಿನ ವರ್ಷದಿಂದ ಅಂಚೆ ಒಯ್ಯಲು ಇನ್ನೊಬ್ಬರು ಬೇಕು ಎಂದು ಅಂಚೆಯವರು ಹೇಳಿದರು. ಬಂದವನು ಬ್ರೈಸ್ ನೀಬೋನ್, ದಕ್ಷಿಣದ ಕಡೆಯ ಮೆಕ್ಯಾನಿಕ್, ಮೂವತ್ತನಾಲ್ಕು ವರ್ಷ. ಹೆಂಡತಿಗೆ ನಮ್ಮೂರ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ಅವನಿಗೆ ಸಿಕ್ಕಿರಲಿಲ್ಲ. ಆರು ವಾರ ಡಲ್ಸಿಯ ಜೊತೆ ಓಡಾಡಬೇಕು, ಕೊನೆಗೆ ಅವಳು ಅಂಚೆಯವರಿಗೆ ಫೋನಿನಲ್ಲಿ ಒಂದು ಮಾತು ಹೇಳಬೇಕು: ಈ ಮನುಷ್ಯ ಆಗುತ್ತಾನೆ, ಅಥವಾ ಆಗುವುದಿಲ್ಲ. ಅವನ ಕೆಲಸ ಆ ಒಂದು ಮಾತಿನ ಮೇಲೆ ನಿಂತಿತ್ತು.

ಮೊದಲ ದಿನದಿಂದಲೇ ಡಲ್ಸಿಗೆ ಅವನ ಮೇಲೆ ಗುಮಾನಿ.

"ಯಾವಾಗ್ಲೂ ನಗ್ತಾನೆ," ಅಂದಳು ನನಗೆ. "ಮೆಕ್ಯಾನಿಕ್ಕು ಯಾಕೆ ನಗ್ಬೇಕು?"

"ಒಳ್ಳೇವ್ನಿರ್ಬೋದು ಕಣೇ."

"ಇರ್ಬೋದು. ನನ್ ಗಾಡಿ ನೋಡೋ ರೀತಿ ನೋಡಿದೀಯಾ? ಮನೆ ಕೊಳ್ಳೋಕೆ ಬಂದೋರು ಗೋಡೆ ತಟ್ಟಿ ನೋಡ್ತಾರಲ್ಲ, ಹಂಗೆ."

ಸೆಪ್ಟೆಂಬರಿನಲ್ಲಿ ಅವಳ ಹಳೆಯ ಸ್ನಾರ್ಕೆಲ್ ಬಿರುಕು ಬಿಟ್ಟಿತು. ಬ್ರೈಸ್ ಹೊಸದು ಕೂರಿಸಿದ. ಅವನು ಬಿಗಿಸಿದ ಒಂದೊಂದು ತಿರುಪನ್ನೂ ಡಲ್ಸಿ ಸ್ಟೂಲ್ ಹಾಕಿಕೊಂಡು ಕೂತು ನೋಡಿದಳು. ಗಾಳಿ ಸೋಸುವ ಪೆಟ್ಟಿಗೆಯ ಮುಚ್ಚಳ ಮಾತ್ರ ಮುಟ್ಟಗೊಡಲಿಲ್ಲ. "ಅದು ನಂದು. ದಿನಾ ಸಂಜೆ ನಾನೇ ತೆಗೆದು ಧೂಳು ಕೊಡವ್ತೀನಿ." ಕೆಲಸ ಮುಗಿಸಿ, ಅಂಗೈ ಇಟ್ಟು ನೋಡೋಣವೇ ಎಂದು ಬ್ರೈಸ್ ಕೇಳಿದ. "ಅದೆಲ್ಲ ಕಪ್ ದಿನ," ಅಂದಳು. ನವೆಂಬರಿನ ಮೊದಲ ಮಂಗಳವಾರ, ರೇಡಿಯೋದಲ್ಲಿ ಮೆಲ್ಬರ್ನ್ ಕಪ್ ಕುದುರೆ ಓಟ ಕೇಳಿದ ಮೇಲೆ, ಅವಳು ಗಾಡಿಯನ್ನು ಮಳೆಗಾಲಕ್ಕೆ ಸಿದ್ಧ ಮಾಡುತ್ತಿದ್ದಳು. ಅದಕ್ಕೆ ಮುಂಚೆ ಇಲ್ಲಿ ಮಳೆಯಾಗುವುದಿಲ್ಲ.

ಬ್ರೈಸ್ ಸ್ನಾರ್ಕೆಲ್ ಕೂರಿಸುವಾಗ ನಡುವೆ ಒಮ್ಮೆ ಮಾತ್ರ ತಂಗಿಯ ಫೋನ್ ಬಂದು ಅವಳು ಸ್ಟೂಲಿನಿಂದ ಎದ್ದು ಹೋಗಿದ್ದಳು. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಅವಳನ್ನು ಬಿಡಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದ ನನ್ನ ಮುಂದೆ ನಿಂತು ಎಷ್ಟು ಸಲ ಹೇಳಿದಳೋ: "ಇಪ್ಪತ್ತು ನಿಮಿಷದಲ್ಲಿ ಏನು ಬೇಕಾದ್ರೂ ಮಾಡ್ಬೋದು. ನನ್ ಗಾಡಿ ಮುಳುಗಿದ್ರೆ ಯಾರಿಗೆ ಲಾಭ ಹೇಳು?"

ಆ ವರ್ಷ ಅಕ್ಟೋಬರಿನ ಮೂರನೇ ವಾರದಲ್ಲೇ ಸಿಡಿಲು ಮಳೆ ಸುರಿಯಿತು. ಇಬ್ಬರೂ ಕೊನೆಯ ಫಾರ್ಮಿನಲ್ಲಿ ಅಂಚೆ ಕೊಟ್ಟು ಹಿಂದಿರುಗುತ್ತಿದ್ದರು. ಬೆಳಿಗ್ಗೆ ಬ್ರೋಲ್ಗಾ ಹಳ್ಳದ ದಡಕ್ಕೆ ಬಂದಾಗ ನೀರು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿ, ಮಟ್ಟ ತೋರಿಸುವ ಕಂಬದಲ್ಲಿ ಬಾನೆಟ್ಟಿನ ಎತ್ತರಕ್ಕೆ ನಿಂತಿತ್ತು. ಹಿಂದೆ ಇನ್ನೊಂದು ಹಳ್ಳ ಏರುತ್ತಿತ್ತು. ಮೇಲುಗಡೆ ಇನ್ನೂ ಗುಡುಗು ಕೇಳುತ್ತಿತ್ತು.

ಡಲ್ಸಿ ಇಳಿದಳು. "ಶುರು ಮಾಡು," ಎಂದಳು. ಮೆಟ್ಟಿಲು ಹತ್ತಿ ಕೊಳವೆಯ ತಲೆ ಕಳಚಿ ಅಂಗೈ ಒತ್ತಿದಳು.

ಎಂಜಿನ್ ನಿಲ್ಲಲಿಲ್ಲ. ಸ್ವಲ್ಪ ಗೊರಗುಟ್ಟಿತು, ಮತ್ತೆ ನಿರಾಳವಾಗಿ ಓಡಿತು.

ಅವಳು ಕೈ ತೆಗೆದು, ಮತ್ತೆ ಒತ್ತಿದಳು. ಓಡುತ್ತಲೇ ಇತ್ತು.

"ಕೆಳಗಿಳಿ," ಎಂದಳು. ಧ್ವನಿ ಏರಿಸಲಿಲ್ಲ. "ಎಲ್ಲಿ ಬಿಟ್ಟಿದೀಯ ಹೇಳು."

"ಏನನ್ನ?"

"ತೂತನ್ನ. ನಾನು ಫೋನಲ್ಲಿದ್ದಾಗ ಯಾವ ಕೀಲು ಸಡಿಲ ಬಿಟ್ಟೆ?"

ಬ್ರೈಸ್‌ನ ನಗೆ ಅಲ್ಲಿಗೆ ನಿಂತಿತು. "ಡಲ್ಸಿ, ನಾನೂ ಇದೇ ಗಾಡೀಲಿ ಕೂತಿದೀನಿ. ಮೊಸಳೆ ನನ್ನ ಬಿಟ್ಟು ನಿಮ್ಮನ್ನಷ್ಟೇ ತಿನ್ನುತ್ತಾ?"

"ಸಂಬಂಧ ಇಲ್ದಿರೋ ಮಾತು ಬೇಡ. ಬಿಚ್ಚು."

ಅವನು ಬಿಚ್ಚಿದ. ಗಾಡಿಯ ಪಕ್ಕದಲ್ಲಿ ಗೋಣಿ ಹಾಸಿ, ಒಂದೊಂದು ಕೀಲನ್ನೂ ಕಳಚಿ ಅವಳ ಒಳ್ಳೆಯ ಕಣ್ಣಿನ ಮುಂದೆ ಹಿಡಿದ. ಪ್ರತಿ ಕೀಲಿನ ಸುತ್ತ ಅಂಟು ಕಪ್ಪು ಉಂಗುರದ ಹಾಗೆ ಎಲ್ಲೂ ತುಂಡಾಗದೆ ಕೂತಿತ್ತು. ಅವಳು ಉಗುರಿನಿಂದ ಕೆರೆದು ನೋಡಿದಳು. ಮೂಸಿಯೂ ನೋಡಿದಳು.

"ಇನ್ನು ಉಳಿದಿರೋದು ಪೆಟ್ಟಿಗೆ ಒಂದೇ," ಎಂದ ಬ್ರೈಸ್. "ಅದು ನಿಮ್ದು. ನಾನು ಮುಟ್ಟಿಲ್ಲ, ಮುಟ್ಟೋದೂ ಇಲ್ಲ."

ಡಲ್ಸಿ ತಾನೇ ಮುಚ್ಚಳ ತೆಗೆದಳು. ಸೋಸುಕವನ್ನು ಎತ್ತಿ ಬದಿಗಿಟ್ಟಳು. ಪೆಟ್ಟಿಗೆಯ ತಳದಲ್ಲಿ ಕಾಸಿನಗಲದ ಒಂದು ತೂತು. ಅದರೊಳಗಿಂದ ಕೆಳಗಿನ ಕೆಂಪು ನೆಲ ಕಾಣುತ್ತಿತ್ತು. ಅಲ್ಲೊಂದು ಇರುವೆ ಹರಿದು ಹೋಯಿತು.

ಒಳಗಿನ ಧೂಳನ್ನು ಕೆಳಗೆ ಬಿಟ್ಟು ಹೊರಗಿನ ನೀರನ್ನು ತಡೆಯಲು ಆ ತೂತಿಗೆ ರಬ್ಬರಿನ ತುಟಿಯೊಂದಿರುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ನಮ್ಮ ದಾರಿಯ ಹಿಟ್ಟಿನಂಥ ಧೂಳು ಅದರಲ್ಲಿ ಕಟ್ಟಿಕೊಳ್ಳುತ್ತದೆಂದು ಈ ಕಡೆಯ ಹಳಬರು ಮೇ ತಿಂಗಳಲ್ಲಿ ಅದನ್ನು ಕಿತ್ತಿಡುತ್ತಾರೆ. ಮಳೆಗೆ ಮುಂಚೆ ಮತ್ತೆ ಹಾಕುತ್ತಾರೆ. ಡಲ್ಸಿ ಹಾಕುತ್ತಿದ್ದದ್ದು ಕಪ್ ದಿನ. ಕಪ್ ಓಟಕ್ಕೆ ಇನ್ನೂ ಹನ್ನೊಂದು ದಿನವಿತ್ತು. ರಬ್ಬರು ಅವಳ ಮನೆಯಲ್ಲಿ, ತೊಂಬತ್ತು ಕಿಲೋಮೀಟರ್ ಆಚೆ ಇತ್ತು.

ಆರು ವಾರ ಅವಳು ಅವನ ಕೈ ನೋಡಿದಳು, ಕಣ್ಣು ನೋಡಿದಳು, ಅವನು ಊಟದಲ್ಲಿ ಬೀಟ್‌ರೂಟನ್ನು ಪಕ್ಕಕ್ಕೆ ಸರಿಸುವುದನ್ನೂ ನೋಡಿದಳು. ದಿನಾ ಸಂಜೆ ಧೂಳು ಕೊಡವುವಾಗ ಈ ತೂತನ್ನೂ ನೋಡುತ್ತಿದ್ದಳು. ತನ್ನದಾದ್ದರಿಂದ ಅದು ಅವಳಿಗೆ ಕಂಡಿರಲಿಲ್ಲ.

"ಇದನ್ನ ಕಿತ್ತಿಡ್ತೀರಾ ನೀವು?" ಬ್ರೈಸ್ ಬಗ್ಗಿ ನೋಡಿ ಕೇಳಿದ. "ಬೇಕೂಂತಾನೇ?"

"ಎಲ್ಲರೂ ಕೀಳ್ತಾರೆ."

"ನನಗೊಂದು ಮಾತು ಹೇಳ್ಬೋದಿತ್ತು."

"ನೀನು ಯಾರೂಂತ ಹೇಳ್ಬೇಕಿತ್ತು?"

ಅವನು ನೀರನ್ನು ನೋಡಿದ. ಕಂಬದಲ್ಲಿ ನೀರು ಇನ್ನೊಂದು ಬೆರಳು ಏರಿತ್ತು. ಆಮೇಲೆ ತನ್ನ ಬಲಗಾಲಿನ ರಬ್ಬರ್ ಚಪ್ಪಲಿ ಬಿಚ್ಚಿ ಅವಳ ಕೈಗೆ ಕೊಟ್ಟ.

"ಚಾಕು ನಿಮ್ಮ ಹತ್ರ ಇದೆ. ಹಿಮ್ಮಡಿ ಕಡೆ ದಪ್ಪ ಇದೆ. ನೀವೇ ಕೊಯ್ಯಿರಿ, ನಾನು ಕೊಯ್ದ್ರೆ ಮತ್ತೆ ಅನುಮಾನ."

ಡಲ್ಸಿ ಕೊಯ್ದಳು. ತೂತಿಗಿಂತ ಚೂರು ದಪ್ಪಗೆ, ಬಿರಡೆಯ ಹಾಗೆ ಕೆತ್ತಿ, ಒಳಗಿನಿಂದ ಒತ್ತಿ, ಕೆಳಗಿನಿಂದ ಎಳೆದಳು. ಅಷ್ಟರಲ್ಲಿ ಬ್ರೈಸ್ ಕೀಲುಗಳನ್ನೆಲ್ಲ ಮತ್ತೆ ಅಂಟು ಹಾಕಿ ಕೂಡಿಸಿದ. ಅಂಟು ಒಣಗುವವರೆಗೆ ಇಬ್ಬರೂ ಕಂಬವನ್ನು ನೋಡುತ್ತ ಕೂತರು. ಆಮೇಲೆ ಅವಳು ಅಂಗೈ ಒತ್ತಿದಳು. ಎಂಜಿನ್ ಒಮ್ಮೆ ನಡುಗಿ ಸತ್ತುಹೋಯಿತು. ಅವಳು ಕೈಯನ್ನು ತುಸು ಹೊತ್ತು ಹಾಗೇ ಬಿಟ್ಟಿದ್ದಳು.

ನೀರು ಎಂಜಿನ್ನಿನ ಮೇಲೆ ನುಗ್ಗದಂತೆ ಗಾಡಿಯ ಮೂತಿಗೆ ಟಾರ್ಪಾಲು ಕಟ್ಟಿದರು. ಗಾಡಿ ಮುಳುಗಿದರೆ ಹೊರಬೀಳಲು ಕಿಟಕಿ ಇಳಿಸಿದರು, ಸೀಟು ಬೆಲ್ಟುಗಳನ್ನು ಬದಿಗೆ ಸರಿಸಿದರು. ಡಲ್ಸಿ ಸುತ್ತು ಹಾಕಿ ಹೋಗಿ ಎಡಗಡೆಯ ಸೀಟಿನಲ್ಲಿ ಕೂತಳು.

"ನಾನಾ?" ಎಂದ ಬ್ರೈಸ್.

"ನಿನ್ ಚಪ್ಪಲಿ, ನೀನೇ ನಡೆಸು. ಕಂಬದ ಎಡಕ್ಕೆ ಹೋಗು. ನಡುವೆ ಆಕ್ಸಿಲರೇಟರಿಂದ ಕಾಲು ಎತ್ತಿದ್ಯೋ, ನಿನ್ನನ್ನ ನಾನೇ ಮೊಸಳೆಗೆ ಹಾಕ್ತೀನಿ."

ನೀರು ಬಾನೆಟ್ಟಿನ ಮೇಲೆ ಹರಿದು, ಮುಂಗಾಜಿಗೆ ಬಡಿದು, ಬಾಗಿಲ ಸಂದಿಯಿಂದ ಅವನ ಬರಿಗಾಲನ್ನು ಮುಟ್ಟಿತು. ಅವನು ಕಾಲು ಎತ್ತಲಿಲ್ಲ. ಆಚೆ ದಡ ಹತ್ತಿದ ಕೂಡಲೇ ಡಲ್ಸಿ ಇಳಿದು ಪೆಟ್ಟಿಗೆ ತೆರೆದು ತಳವನ್ನು ಬೆರಳಿನಿಂದ ಒರೆಸಿ ನೋಡಿದಳು. ಬೆರಳಿಗೆ ಧೂಳು ಹತ್ತಿತು. ನೀರು ಹತ್ತಲಿಲ್ಲ.

ಸಂಜೆ ಹೊತ್ತಿಗೆ ನಮ್ಮ ರೋಡ್‌ಹೌಸಿಗೆ ಬಂದರು. ಬ್ರೈಸ್‌ನ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅವನು ಮೂಲೆಯ ಮೇಜಿನಲ್ಲಿ ಕೂತು ಮಾಂಸದ ಪೈ ತಿಂದ, ಯಾರ ಕಡೆಗೂ ನೋಡದೆ. ಆರು ವಾರ ಅಂದಿಗೆ ಮುಗಿದಿತ್ತು. ಡಲ್ಸಿ ನನ್ನ ಅಡುಗೆಮನೆಯ ಬಾಗಿಲ ಪಕ್ಕದ ಫೋನ್ ಎತ್ತಿಕೊಂಡು ಅಂಚೆಯವರಿಗೆ ತನ್ನ ಹೆಸರು ಹೇಳಿದಳು. ಆ ಕಡೆಯವರು ಏನು ಕೇಳಿದರೋ, ಅವಳ ಉತ್ತರ ಮಾತ್ರ ಎಲ್ಲರಿಗೂ ಕೇಳಿಸಿತು.

"ನಂಬಬೋದಾ ಅಂತ ನನ್ನ ಕೇಳ್ಬೇಡಿ, ಅದು ನಂಗೆ ಗೊತ್ತಾಗಲ್ಲ. ಅವನ ಕೆಲ್ಸ ಬಿಚ್ಚಿ ನೋಡಿದೀನಿ. ತಪ್ಪಿಲ್ಲ. ಹೂಂ, ಆಗ್ತಾನೆ ಅಂತ ಬರ್ಕೊಳ್ಳಿ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಇನ್ನೊಂದು ಸಾಲೂ ಬರ್ಕೊಳ್ಳಿ. ಅಕ್ಟೋಬರ್ ಇಪ್ಪತ್ಮೂರು, ಬ್ರೋಲ್ಗಾ ಹಳ್ಳ, ಗಾಡಿ ಸಿದ್ಧ ಇರ್ಲಿಲ್ಲ. ತಪ್ಪು ನಂದು. ಹ್ಯಾಡ್ರಿಕ್. ಇಲ್ಲ ಇಲ್ಲ, ಆ ಸಾಲನ್ನ ಬಿಡೋ ಹಾಗಿಲ್ಲ. ಬರೀರಿ, ನಾನು ಕಾಯ್ತೀನಿ."

ಆ ಕಡೆಯವರು ಬರೆದು ಮುಗಿಸುವವರೆಗೂ ಅವಳು ಫೋನ್ ಇಡಲಿಲ್ಲ. ಬರೆದದ್ದನ್ನು ಒಮ್ಮೆ ಓದಿ ಹೇಳಿ ಎಂದಳು.