ನಾನು ತೆಗೆದುಹಾಕಿದ ಸಾಲು

ಎರಡು ವರ್ಷ ನಾನು ದಾವಣಗೆರೆಯ ಒಂದು ಗಿಡಮೂಲಿಕೆ ಪುಡಿಯ ಕಂಪನಿಗೆ ಬ್ಲಾಗ್ ಬರೆದುಕೊಡುತ್ತಿದ್ದೆ. ಕಂಪನಿ ಎಂದರೆ ದೇವರಾಜ ಅರಸು ಬಡಾವಣೆಯ ಒಂದು ಮನೆಯ ಕೆಳಮಹಡಿ, ಪೊಟ್ಟಣ ತುಂಬುವ ನಾಲ್ವರು ಹೆಂಗಸರು, ಒಂದು ಕಂಪ್ಯೂಟರು, ಅಷ್ಟೇ. ನೇರಳೆ ಬೀಜ, ಮೆಂತ್ಯ, ಹಾಗಲಕಾಯಿ ಸೇರಿಸಿದ ಸಕ್ಕರೆ ಕಾಯಿಲೆಯ ಪುಡಿಯೇ ಅಲ್ಲಿನ ಮುಖ್ಯ ಸರಕು. ನನ್ನ ಪ್ರತಿ ಬರಹದ ಕೊನೆಗೂ, "ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ" ಎಂದು ಒಂದು ಸಾಲು ಹಾಕುತ್ತಿದ್ದೆ. ಹಾಕಿ ಎಂದು ಯಾರೂ ಹೇಳಿರಲಿಲ್ಲ.

ಒಂದು ದಿನ ಮಾಲೀಕರು ಕರೆದರು. "ಮೇಡಂ, ಚಲೋ ಬರೀತೀರಿ. ಆದ್ರೆ ಓದೋರು ಯಾರ್ರಿ? ಶುಗರ್ ಇರೋದು ವಯಸ್ಸಾದೋರಿಗೆ. ಕನ್ನಡಕ ಹುಡುಕೋದ್ರಾಗೇ ಅವರಿಗೆ ಸಾಕಾಗ್ತೈತೆ. ಇದನ್ನೇ ಮಾತಾಡಿ ಆಡಿಯೋ ಮಾಡ್ರಿ, ವೆಬ್‌ಸೈಟಿಗೆ ಹಾಕಿ ವಾಟ್ಸಾಪಿಗೂ ಬಿಡೋಣ."

ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಫ್ಯಾನ್ ಆರಿಸಿ, ಬೆವರುತ್ತ ಕೂತು ರೆಕಾರ್ಡ್ ಮಾಡತೊಡಗಿದೆ. ಬರೆದದ್ದನ್ನು ಹಾಗೇ ಓದಿದರೆ ಬ್ಯಾಂಕಿನ ನೋಟಿಸು ಓದಿದ ಹಾಗಿತ್ತು. ನಿಧಾನಕ್ಕೆ ಕಲಿತೆ. ಉದ್ದ ವಾಕ್ಯ ಮುರಿದೆ. "ರಕ್ತದಲ್ಲಿನ ಗ್ಲೂಕೋಸ್ ಪ್ರಮಾಣ" ಹೋಗಿ "ನಿಮ್ಮ ಶುಗರ್ರು" ಬಂತು. "ಓದುಗರೇ" ಎಂದಿದ್ದಲ್ಲಿ "ಅಮ್ಮಾ" ಎಂದೆ. ಶುರುವಿಗೇ ಕೇಳುವವರನ್ನು ಹಿಡಿಯಬೇಕೆಂದು, "ದಿನಾ ಮಾತ್ರೆ ನುಂಗಿ ನುಂಗಿ ಬೇಜಾರಾಗೈತಾ?" ಎಂಬ ಪ್ರಶ್ನೆ ನಾನೇ ಸೇರಿಸಿದೆ.

ಕೊನೆಯ ಸಾಲು ಮಾತ್ರ ಯಾವ ದನಿಯಲ್ಲಿ ಹೇಳಿದರೂ ಹೊಂದಲಿಲ್ಲ. ಮಾಲೀಕರು ಕೇಳಿ, "ಇಷ್ಟೊತ್ತು ಧೈರ್ಯ ಹೇಳಿ ಕೊನೀಗೆ ಹೆದರಿಸಿದಂಗೆ ಆಗ್ತೈತಲ್ರಿ. ಬ್ಲಾಗಿನಾಗೆ ಹೆಂಗೂ ಐತಲ್ಲ," ಎಂದರು. ಒತ್ತಾಯ ಮಾಡಲಿಲ್ಲ. ನನಗೂ ಹಾಗೇ ಅನಿಸಿತ್ತು. ಕತ್ತರಿಸಿ ತೆಗೆದವಳು ನಾನೇ.

ಹರಿಹರದಲ್ಲಿ ನನ್ನ ಸೋದರತ್ತೆ ಇದ್ದಾಳೆ. ಓದು ಬಾರದು, ಶುಗರ್ ಬಂದು ಬಹಳ ವರ್ಷವಾಗಿತ್ತು. ಸೊಸೆ ಫೋನಿನಲ್ಲಿ ಹಾಕಿ ಕೇಳಿಸಿದಳಂತೆ. ಅವತ್ತೇ ಅತ್ತೆ ಫೋನ್ ಮಾಡಿದಳು. "ಯವ್ವಾ, ನೀ ನನ್ನ ಮುಂದೇ ಕುಂತು ಮಾತಾಡಿದಂಗಾತು. ಓಣಿ ಮಂದಿಗೆಲ್ಲ ಕೇಳಿಸೀನಿ ನೋಡು." ನನಗೆ ಹಿಗ್ಗೋ ಹಿಗ್ಗು. ಎರಡು ಡಬ್ಬಿ ಪುಡಿ ನಾನೇ ಕಳಿಸಿದೆ.

ಅವಳು ಮಾತ್ರೆ ಬಿಟ್ಟಿದ್ದು ನನಗೆ ಗೊತ್ತಾಗಲಿಲ್ಲ. ಅಮಾವಾಸ್ಯೆಗೆಂದು ಉಕ್ಕಡಗಾತ್ರಿಗೆ ಹೋದವಳು ಹೊಳೆಯಲ್ಲಿ ಮಿಂದು, ಉರಿಬಿಸಿಲಿನಲ್ಲಿ ಬರಿಗಾಲಲ್ಲಿ ಗುಡಿಯವರೆಗೆ ನಡೆದಿದ್ದಾಳೆ. ಶುಗರಿಗೆ ಮರಗಟ್ಟಿದ್ದ ಅಂಗಾಲು ಬೊಬ್ಬೆ ಎದ್ದರೂ ಅರಿವಾಗಿಲ್ಲ. ವಾರ ಕಳೆದ ಮೇಲೆ ವಾಸನೆ ಬಂದು ಸೊಸೆ ಕಾಲು ಎತ್ತಿ ನೋಡಿದ್ದು.

ದಾವಣಗೆರೆಯ ಆಸ್ಪತ್ರೆಗೆ ಕರೆತಂದರು. "ಮಾತ್ರೆ ಸರಿಯಾಗಿ ತಗೊಂತಿದ್ರೇನಮ್ಮ?" ಎಂದು ಡಾಕ್ಟರು ಕೇಳಿದರು. ಮಂಚದ ಪಕ್ಕ ನಿಂತಿದ್ದ ನನ್ನನ್ನು ಅತ್ತೆ ಒಮ್ಮೆ ನೋಡಿದಳು. "ಮರ್ತುಬಿಡ್ತಿದ್ದೆ ಸಾಹೇಬ್ರ. ವಯಸ್ಸಾತಲ್ಲ."

ಮೊಮ್ಮಕ್ಕಳು ಹುಟ್ಟಿದ ವಾರ, ಗಳಿಗೆ ಎಲ್ಲ ನೆನಪಿಟ್ಟುಕೊಂಡವಳು ಅವಳು. ಡಾಕ್ಟರು ಹಾಗೇ ಬರೆದುಕೊಂಡರು. ಅವರು ಕೊಟ್ಟ ಚೀಟಿ ಹಿಡಿದು ನಾನು ಔಷಧಿ ತರಲು ಹೋದೆ.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಮೂರನೆಯ ದಿನ ವಾರ್ಡಿನ ಹೊರಗೆ ಅವಳ ಸೊಸೆಗೆ ಎಲ್ಲ ಹೇಳಿದೆ. ಅವಳು ಗೋಡೆಗೆ ಒರಗಿ ನಿಂತಿದ್ದಳು. "ನಂಗೊತ್ತೈತೆ. ಮಾತ್ರೆ ಕೊಡಾಕೆ ಹೋದ್ರೆ, 'ನಮ್ ಹುಡುಗಿ ಹೇಳ್ಯಾಳ, ಬ್ಯಾಡ' ಅಂತಿದ್ರು. ನೀವು ಓದಿದೋರು ಅಂತ ನಾನೂ ಸುಮ್ಮನಾದೆ." ಅಷ್ಟು ಹೇಳಿ ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅತ್ತೆಗೂ ಹೇಳಲೇಬೇಕಿತ್ತು. ಡಿಸ್ಚಾರ್ಜ್ ಆಗುವ ಹಿಂದಿನ ದಿನ ಹೇಳಿದೆ. "ಬ್ಲಾಗಿನಾಗೆ ಬರೆದಿದ್ದೆ ಅತ್ತೆ, ಮಾತ್ರೆ ಬಿಡಬ್ಯಾಡ್ರಿ ಅಂತ. ಮಾತಾಡುವಾಗ ಅದನ್ನ ತೆಗೆದೆ."

ಅವಳು ಹೊದಿಕೆಯ ಅಂಚು ಸರಿಮಾಡಿದಳು. "ಓದಾಕೆ ಬರೋರಿಗೆ ಹೇಳಿದ್ದಿ ಹಂಗಾರೆ," ಎಂದಳು. "ನನಗ ಹೇಳ್ಲಿಲ್ಲ."

ಮರುದಿನವೇ ಮಾಲೀಕರ ಬಳಿ ಹೋದೆ. ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿದರು. ಅವರ ಮುಖ ಬಾಡಿದ್ದು ಸುಳ್ಳಲ್ಲ. ವೆಬ್‌ಸೈಟಿನಿಂದ ಆಡಿಯೋ ತೆಗೆಸಿದರು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋದದ್ದನ್ನು ಯಾರಿಂದಲೂ ವಾಪಸ್ ತರಲಾಗದು. ನಡೆದದ್ದನ್ನೆಲ್ಲ ಹೇಳಿ ಇನ್ನೊಂದು ಆಡಿಯೋ ಮಾಡುತ್ತೇನೆ, ಕಂಪನಿಯ ಗುಂಪುಗಳಿಗೆ ಹಾಕಿ ಎಂದೆ.

"ಅದನ್ನ ನಾನೇ ಹೆಂಗೆ ಹಾಕ್ಲಿ, ನೀವೇ ಹೇಳ್ರಿ. ಪೊಟ್ಟಣ ತುಂಬೋ ನಾಲ್ಕು ಹೆಣ್ಮಕ್ಕಳು ಇದ್ರ ಮ್ಯಾಲೆ ಅದಾರೆ."

ನಾನು ಕೆಲಸ ಬಿಟ್ಟೆ. ಮನೆಗೆ ಬಂದು ಒಬ್ಬಳೇ ಕೂತು ಮಾತಾಡಿದೆ. ಬರೆದುಕೊಂಡಿರಲಿಲ್ಲ. ಎರಡು ಕಡೆ ಅಳು ಬಂತು, ಕತ್ತರಿಸದೆ ಹಾಗೇ ಬಿಟ್ಟೆ. ನನಗೆ ಗೊತ್ತಿದ್ದ ಎಲ್ಲ ನಂಬರಿಗೂ ಕಳಿಸಿದೆ. ಒಂದಿಬ್ಬರು ನೆಂಟರು ಕೈಮುಗಿಯುವ ಚಿತ್ರ ಕಳಿಸಿದರು. ಉಳಿದವರಿಂದ ಏನೂ ಬರಲಿಲ್ಲ.

ತಿಂಗಳಾದ ಮೇಲೆ ಹರಿಹರಕ್ಕೆ ಹೋದಾಗ ಅತ್ತೆಯ ಓಣಿಯ ಹೆಂಗಸೊಬ್ಬಳು ತಡೆದು ನಿಲ್ಲಿಸಿದಳು. "ಮೊದ್ಲೇದು ಚಲೋ ಮಾತಾಡಿದ್ರಿ. ಈಗಿಂದು ಕೇಳಾಕಾಗಲ್ರೀ, ಅಳು ಬರ್ತೈತೆ. ಅರ್ಧಕ್ಕೇ ಬಿಟ್ಟೆ." ಮಾತ್ರೆ ತಗೊಳ್ತಿದ್ದೀರಾ ಎಂದು ಕೇಳಿದೆ. ಪುಡಿಯೂ ತಗೊಳ್ತೀನಿ, ನೆನಪಾದಾಗ ಮಾತ್ರೆಯೂ, ಎಂದಳು. ಅಲ್ಲೇ ಬೀದಿಯಲ್ಲಿ ನಿಂತು ಅವಳಿಗೆ ಮತ್ತೆ ಎಲ್ಲ ಹೇಳಿದೆ. ತಲೆಯಾಡಿಸಿದಳು. ಪುಡಿ ಬಿಟ್ಟು ಮಾತ್ರೆ ಹಿಡಿದಳೋ ಇಲ್ಲವೋ ತಿಳಿಯದು.

ಈಗಲೂ ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತೇನೆ. ಅತ್ತೆ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿರುತ್ತಾಳೆ. ಊಟ ಆಯಿತೇ ಎಂದು ಕೇಳುತ್ತಾಳೆ, ಬಸ್ಸು ಸಿಕ್ಕಿತೇ ಎಂದು ಕೇಳುತ್ತಾಳೆ. ಮುಂಚಿನ ಹಾಗೆ ತಾನಾಗಿ ಫೋನ್ ಮಾಡುವುದನ್ನು ಬಿಟ್ಟಿದ್ದಾಳೆ.